ಕಮಲಕ್ಕನ ಸೋರೆಕಾಯಿ ಶ್ಯಾವಿಗೆ

ನಮ್ಮತ್ತೆ ಕಮಲಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳುತ್ತಾರೆ, ದಿನಕ್ಕೊಂದಾದರೂ ಹೇಳುತ್ತಾರೆ, ಆದರೆ ಬರುವುದಿಲ್ಲ. ಬಾಯಿಂದ ಸುಳ್ಳು ಹೊರಟ ಕೂಡಲೇ ಎಡಗೈ ತಾನಾಗಿ ಮೇಲೇರಿ ಕಿವಿಯ ಓಲೆಯನ್ನು ತಿರುವಲು ಶುರು ಮಾಡುತ್ತದೆ. ನಿಟ್ಟುವಳ್ಳಿಯಲ್ಲಿ ನಮ್ಮ ಹಿಟ್ಟಿನ ಗಿರಣಿಗೆ ಬರುವ ಹೆಂಗಸರಿಗೆಲ್ಲ ಇದು ಗೊತ್ತು. "ನಿಮ್ಮ ಜೋಳ ಈಗ ಹಾಕ್ದೆ ಕಣವ್ವ, ಆಗೇ ಹೋತು" ಎಂದು ಅತ್ತೆ ಓಲೆ ತಿರುವಿದರೆ, ಜೋಳ ಇನ್ನೂ ಡಬ್ಬಿಯಲ್ಲೇ ಕೂತಿದೆ ಎಂದು ತಿಳಿದುಕೊಂಡು ಅವರು ಕಟ್ಟೆಯ ಮೇಲೆ ಹರಟೆ ಮುಂದುವರಿಸುತ್ತಾರೆ.

ನಾನು ಲತಾ, ಈ ಮನೆಯ ಸೊಸೆ. ನನ್ನ ಗಂಡ ಅಂಜನ್ ಕುಮಾರ್ ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವರು ಶಾಲೆಗೆ ಹೋಗುತ್ತಿದ್ದ ಕಾಲಕ್ಕೇ ಮಾವ ತೀರಿಕೊಂಡಿದ್ದರು. ಗಿರಣಿ ಮಾರಿಬಿಡು ಎಂದು ಬುದ್ಧಿ ಹೇಳಿದವರೇ ಎಲ್ಲ. ಅತ್ತೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, ಸೆರಗು ಸಿಕ್ಕಿಸಿಕೊಂಡು ಮಷೀನಿಗೆ ಬೆಲ್ಟು ಏರಿಸುವುದನ್ನು ಕಲಿತರು. ಇವತ್ತಿಗೂ ಗಿರಣಿ ಮೊಂಡು ಮಾಡಿದರೆ ಎಮ್ಮೆಯನ್ನು ಗದರಿಸುವ ಹಾಗೆ ಗದರಿಸುತ್ತಾರೆ. "ಏಯ್, ನೆಟ್ಟಗೆ ತಿರುಗ್ತೀಯೋ ಇಲ್ಲೋ? ಹಬ್ಬದ ಟೈಮ್‌ನಾಗೆ ಆಟ ಆಡ್ತೀಯಾ?" ನಿಜ ಹೇಳುತ್ತೇನೆ, ಅದು ತಿರುಗುತ್ತದೆ. ಆಮೇಲೆ ಒಂದು ಶ್ಯಾವಿಗೆ ಮಷೀನನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿದರು. ಬೇಸಿಗೆಯಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತದೆ.

ಅತ್ತೆಯ ತವರು ಹರಿಹರ ತಾಲ್ಲೂಕಿನ ಸಾರಥಿ. ಅಲ್ಲಿ ಅವರ ಅಣ್ಣ ಬೊಮ್ಮಣ್ಣ ಮಾವ ಬೇಸಾಯ ಮಾಡಿಕೊಂಡಿದ್ದಾರೆ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗಬೇಕು. ಬೊಮ್ಮಣ್ಣ ಮಾವನ ಪದ್ಧತಿ ತಂಗಿಯ ಮದುವೆಯಾದ ಮೊದಲ ವರ್ಷದಿಂದ ಒಂದೇ. ಸಂಜೆ ಬರುವುದು, ತಂಗಿಯ ಪಕ್ಕ ಕೂತು ಅವಳ ಕೈಯಿಂದ ಬಿಸಿ ಶ್ಯಾವಿಗೆ ಹಾಕಿಸಿಕೊಂಡು ಉಣ್ಣುವುದು, ಆಮೇಲೆ "ನಡಿ ಕಮ್ಲಿ" ಎಂದು ಹೊರಡಿಸುವುದು. ತಂಗಿ ಮನೆಯಲ್ಲಿ ಉಣ್ಣದೆ ಎದ್ದರೆ ಕರೆಯುವ ಶಾಸ್ತ್ರ ಆಗಲಿಲ್ಲ ಎಂದು ಅವರ ತಾಯಿ ಕೆಂಚವ್ವ ಮಾಡಿಟ್ಟು ಹೋದ ಕಟ್ಟಳೆ ಅದು.

ಅತ್ತೆಯ ಗಂಡ, ನನ್ನ ಮಾವ, ತೀರಿಕೊಂಡ ವರ್ಷ, ಇನ್ನು ಇವಳಿಗೆ ಯಾವ ಪಂಚಮಿ ಎಂದು ನೆಂಟರೆಲ್ಲ ಗುಸುಗುಸು ಮಾತಾಡಿಕೊಂಡರಂತೆ. ಅತ್ತೆಯೂ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತಿದ್ದರಂತೆ. ಬೊಮ್ಮಣ್ಣ ಮಾವ ಬಂದು ಬಾಗಿಲು ನೂಕಿ, ಎಲ್ಲರ ಎದುರಿಗೇ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು, "ಶ್ಯಾವಿಗೆ ಎಲ್ಲೈತೆ?" ಎಂದರಂತೆ. ಅತ್ತೆ ಇದನ್ನು ನನಗೆ ಎಷ್ಟೋ ಸಲ ಹೇಳಿದ್ದಾರೆ. ಆ ಮಾತು ಹೇಳುವಾಗ ಮಾತ್ರ ಕೈ ಓಲೆಗೆ ಹೋಗುವುದಿಲ್ಲ.

ಈ ಸಲ ಶ್ರಾವಣ ಹತ್ತಿರ ಬಂದಾಗ ಸಾರಥಿಯಿಂದ ಅತ್ತೆಯ ಅತ್ತಿಗೆ, ಅಂದರೆ ಬೊಮ್ಮಣ್ಣ ಮಾವನ ಹೆಂಡತಿಯ ಫೋನು ಬಂತು. ಬೊಮ್ಮಣ್ಣ ಮಾವನಿಗೆ ಶುಗರ್ ಏರಿದೆ. ಡಾಕ್ಟರು ಅನ್ನ ಕಮ್ಮಿ ಮಾಡಿಸಿದ್ದಾರೆ. ಮೈದಾ, ರವೆ, ಶ್ಯಾವಿಗೆ, ಬೆಲ್ಲ ಎಲ್ಲ ಬಂದ್. "ಅದಕ್ಕೇ ಈ ಸಲ ಅವ್ರು ಬರಲ್ಲಂತೆ ಕಮಲಾ, ಮಗನ್ನ ಕಾರು ಕೊಟ್ಟು ಕಳಿಸ್ತಾರಂತೆ" ಎಂದರು ಅತ್ತಿಗೆ. ಅತ್ತೆ ಫೋನನ್ನು ಅಣ್ಣನ ಕೈಗೆ ಕೊಡಿಸಿಕೊಂಡರು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ, ಮಾವನ ದನಿ ಅಷ್ಟು ಜೋರು.

"ಉಣ್ಣಾಕೆ ಆಗದ ಮನೆಗೆ ಬಂದು ತಟ್ಟೆ ಮುಂದೆ ಬೆಪ್ಪನಂಗೆ ಕೂಡ್ಲೇನು? ನೀನು ಹಾಕ್ಲಿಲ್ಲ ಅಂತ ನಾನು ಅಳಾದು, ನಾನು ಉಣ್ಲಿಲ್ಲ ಅಂತ ನೀನು ಅಳಾದು. ಯಾಕ ಬೇಕು? ಕಾರು ಬರ್ತೈತೆ, ಎಸಿ ಐತೆ, ಕುಂತ್ಕಂಡು ಬಾ."

"ನಿನ್ನ ಎಸಿ ಯಾರಿಗೆ ಬೇಕಾಗೇತೋ!" ಎಂದರು ಅತ್ತೆ. "ನೀನೇ ಬಾ. ಶ್ಯಾವಿಗೆ ಐತೆ. ಶುಗರ್‌ಗೆ ಏನೂ ಆಗ್ದಂಥ ಶ್ಯಾವಿಗೆ ಈಗ ಬಂದೈತೆ, ನಿಂಗೊತ್ತಿಲ್ಲ. ಎಷ್ಟು ಬೇಕಾದ್ರೂ ಉಣ್ಬೋದು."

ಎಡಗೈ ಓಲೆಯನ್ನು ಗರಗರ ತಿರುವುತ್ತಿತ್ತು. ಆದರೆ ಸಾರಥಿಗೆ ಅದು ಕಾಣುವ ಹಾಗಿರಲಿಲ್ಲ. "ಹಂಗಾರೆ ಬರ್ತೀನಿ. ಉಣ್ಣಾಕೆ ಇದ್ರೆ ಕರಕೊಂಡು ಹೋಗ್ತೀನಿ, ಇಲ್ಲಾಂದ್ರೆ ಮುಂದ್ಲ ವರ್ಷದಿಂದ ಹುಡುಗನೇ ಬರ್ತಾನೆ. ನನ್ನ ಕೇಳಂಗಿಲ್ಲ" ಎಂದು ಮಾವ ಫೋನಿಟ್ಟರು.

ಅತ್ತೆ ನನ್ನ ಕಡೆ ತಿರುಗಿದರು.

"ಲತಾ, ಅಂಥ ಶ್ಯಾವಿಗೆ ಯಾವ್ದೈತೆ?"

"ನನ್ನ ಕೇಳ್ತೀರಲ್ಲ ಅತ್ತೆ!" ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ. ಅಷ್ಟರಲ್ಲಿ ಆ ವೀಡಿಯೊ ನೆನಪಾಯಿತು.

ನಮ್ಮನೆಯಲ್ಲಿ ವಾರಕ್ಕೊಮ್ಮೆ ರಾತ್ರಿ ಊಟಕ್ಕೆ ನಾನು ಪಾಸ್ತಾ ಮಾಡುತ್ತೇನೆ, ಟೊಮೆಟೊ, ಬೆಳ್ಳುಳ್ಳಿ ಹಾಕಿ, ಖಾರ ನಮ್ಮದೇ ಲೆಕ್ಕದಲ್ಲಿ. ಅತ್ತೆ ಅದಕ್ಕೆ ತೂತಿನ ಶ್ಯಾವಿಗೆ ಎಂದು ಹೆಸರಿಟ್ಟು, ಮೂಗು ಮುರಿಯುತ್ತಲೇ ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಮೈದಾ ತಿನ್ನಬಾರದವರು ತರಕಾರಿಯನ್ನೇ ಉದ್ದುದ್ದ ಎಳೆ ಮಾಡಿ, ಪಾಸ್ತಾ ಹಾಗೇ ಗೊಜ್ಜಿನಲ್ಲಿ ಕಲಸಿ ಉಣ್ಣುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ಅತ್ತೆ ತಕ್ಷಣ ಸಾರಥಿಗೆ ಮತ್ತೆ ಫೋನು ಹಚ್ಚಿ, "ಕಾಯಿಪಲ್ಯ ತಿನ್ಬೋದಾ ಅವ್ನು?" ಎಂದು ಕೇಳಿದರು. ಎಷ್ಟು ಬೇಕಾದರೂ ತಿನ್ನಲಿ ಎಂದಿದ್ದಾರಂತೆ ಡಾಕ್ಟರು. ಅತ್ತೆ ಅಲ್ಲೇ ಕುಣಿಯುವುದೊಂದು ಬಾಕಿ.

ವೀಡಿಯೊದಲ್ಲಿದ್ದ ಹೊರದೇಶದ ಕಾಯಿಯ ಫೋಟೊ ಹಿಡಿದುಕೊಂಡು ಮಾರ್ಕೆಟ್ಟಿಗೆ ಹೋದೆವು. ತರಕಾರಿಯವಳು ಮೊಬೈಲನ್ನು ಹತ್ತಿರ, ದೂರ ಹಿಡಿದು ನೋಡಿ, "ಸೌತೆಕಾಯಿಗೆ ಜ್ವರ ಬಂದಂಗೈತಲ್ರಿ, ಇಂಥದ್ದು ನಮ್ಮತ್ರ ಇಲ್ಲ" ಎಂದಳು. ಸರಿ, ನಮ್ಮ ಕಾಯಿಗಳಲ್ಲೇ ನೋಡೋಣ ಎಂದು ಚೀಲ ತುಂಬಿಸಿಕೊಂಡು ಬಂದೆವು. ಅವತ್ತಿಂದ ನಮ್ಮನೆಯ ರಾತ್ರಿಯೂಟ ಎಂದರೆ ಪರೀಕ್ಷೆ. ಹೀರೆಕಾಯಿಯ ಎಳೆ ಬಾಣಲೆಗೆ ಬಿದ್ದ ಕೂಡಲೇ ಕರಗಿ ಚಟ್ನಿಯಾಯಿತು. ಸೌತೆಕಾಯಿ ನೀರಾಗಿ ಹರಿಯಿತು. ಬದನೆಕಾಯಿ ಯಾಕೆ ತಂದೆವೋ ಇವತ್ತಿಗೂ ಗೊತ್ತಿಲ್ಲ. ಅಂಜನ್ ಎಲ್ಲವನ್ನೂ ರೊಟ್ಟಿಗೆ ಹಚ್ಚಿಕೊಂಡು ತಿಂದು, "ಪಾಸ್ತಾ ಚೆನ್ನಾಗೈತೆ, ಆದ್ರೆ ಪಾಸ್ತಾ ಎಲ್ಲೈತೆ?" ಎಂದು ನಮ್ಮಿಬ್ಬರ ಪಿತ್ತ ನೆತ್ತಿಗೇರಿಸಿದರು.

ಕೊನೆಗೆ ಚೀಲದ ತಳದಲ್ಲಿ ಸೋರೆಕಾಯಿ ಉಳಿಯಿತು. ಗಟ್ಟಿ ತಿರುಳು, ನೆಟ್ಟಗಿನ ಉದ್ದ. ನಾನು ಚಾಕು ತೆಗೆದುಕೊಂಡೆ. ಅತ್ತೆ ನನ್ನ ಕೈ ಹಿಡಿದರು.

"ಅದೊಂದು ಬ್ಯಾಡ ಲತಾ. ಅದನ್ನ ಕಂಡ್ರೆ ಅಣ್ಣ ಪಂಕ್ತಿಯಿಂದ ಎದ್ದು ಹೋಗ್ತಾನೆ."

ಆಗ ಕಥೆ ಹೊರಬಿತ್ತು. ಅಣ್ಣ ತಂಗಿ ಚಿಕ್ಕವರಿದ್ದಾಗ ದನದ ಕೊಟ್ಟಿಗೆಯ ಮೇಲೆ ಸೋರೆಬಳ್ಳಿ ಹಬ್ಬಿತ್ತಂತೆ. ಬಳ್ಳಿ ಬಿಟ್ಟಿದ್ದೇ ಬಿಟ್ಟಿದ್ದು, ಕೆಂಚವ್ವ ಮಾಡಿದ್ದೇ ಮಾಡಿದ್ದು. ಬೆಳಿಗ್ಗೆ ಸೋರೆಕಾಯಿ ಪಲ್ಯ, ಮಧ್ಯಾಹ್ನ ಸೋರೆಕಾಯಿ ಸಾರು, ರಾತ್ರಿ ಉಳಿದ ಸೋರೆಕಾಯಿ. ಬೊಮ್ಮಣ್ಣ ಮಾವನಿಗೆ ಅದರ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ತಟ್ಟೆಯಲ್ಲಿ ಬಿಟ್ಟರೆ ಕೆಂಚವ್ವನ ಕೈಯಲ್ಲಿ ಏಟು ಗ್ಯಾರಂಟಿ. ಅದಕ್ಕೆ ತಾಯಿ ಒಲೆಯ ಕಡೆ ತಿರುಗಿದ ತಕ್ಷಣ ಅವರು ತಮ್ಮ ಪಾಲಿನ ಸೋರೆಕಾಯಿಯನ್ನೆಲ್ಲ ಗೋರಿ ತಂಗಿಯ ತಟ್ಟೆಗೆ ನೂಕುತ್ತಿದ್ದರು. ತಂಗಿ ಚಕಾರ ಎತ್ತದೆ ಎರಡು ಪಾಲೂ ತಿನ್ನುತ್ತಿದ್ದಳು.

"ನಿಮಗೆ ಇಷ್ಟ ಇತ್ತೇನ್ರಿ ಅತ್ತೆ?" ಎಂದೆ.

"ಯಾರಿಗಿಷ್ಟ! ನಂಗೂ ಸಾಕಾಗಿತ್ತು. ಅಣ್ಣಗೆ ಏಟು ಬೀಳ್ತಾವಲ್ಲ ಅಂತ ತಿಂತಿದ್ದೆ."

ಆದರೆ ಬೇರೆ ಕಾಯಿ ಯಾವುದಿತ್ತು? ಹಬ್ಬ ಬಾಗಿಲಿಗೆ ಬಂದಿತ್ತು. ಸಿಪ್ಪೆ, ಬೀಜ ತೆಗೆದು ಎಳೆ ಮಾಡಿ ಗೊಜ್ಜಿನಲ್ಲಿ ಮುಚ್ಚಿಬಿಟ್ಟರೆ ಗೊತ್ತಾಗಲಿಕ್ಕಿಲ್ಲ ಎಂದು ನಾನು ಧೈರ್ಯ ತುಂಬಿದೆ. ಅತ್ತೆ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಅವರ ಕಣ್ಣು ಮಿಂಚಿತು. ನಾನು ಆವಾಗಲೇ ಹುಷಾರಾಗಬೇಕಿತ್ತು.

ಮರುದಿನ ಗಿರಣಿಯ ತುಂಬಾ ಜನ. ಉಂಡೆಗೆ ಶೇಂಗಾ ಪುಡಿ, ಎಳ್ಳು ಪುಡಿ ಮಾಡಿಸುವವರು ಡಬ್ಬಿ ಹಿಡಿದು ಬೀದಿಯವರೆಗೆ ನಿಂತಿದ್ದರು. ಎಲ್ಲರಿಗಿಂತ ಮುಂದೆ ಅನ್ನಪೂರ್ಣಮ್ಮನವರು, ಮಂಡಿಪೇಟೆಯಲ್ಲಿ ಅಂಗಡಿ ಇರುವ ಮನೆಯವರು, ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ. ಅತ್ತೆ ಶ್ಯಾವಿಗೆ ಮಷೀನಿನ ಗೋಣಿಚೀಲ ಎಳೆದರು. ಕಣಕ ಹಾಕುವ ಬಾಯಿಗೆ ಸಿಪ್ಪೆ, ಬೀಜ ಸಮೇತ ಸೋರೆಕಾಯಿ ಹೋಳು ತುಂಬಿದರು.

"ಅತ್ತೆ, ಬ್ಯಾಡ್ರಿ!" ಎಂದು ನಾನು ಕೂಗುವುದಕ್ಕೂ ಅವರು ಸ್ವಿಚ್ ಒತ್ತುವುದಕ್ಕೂ ಸರಿಹೋಯಿತು.

ಮಷೀನು ಒಂದು ಸಲ ಗುರ್ ಎಂದಿತು. ಆಮೇಲೆ ಎಷ್ಟು ತೂತುಗಳಿದ್ದವೋ ಅಷ್ಟರಿಂದಲೂ ಚಿರ್ರೆಂದು ಹಸಿರು ನೀರು ಹಾರಿತು. ಗೋಡೆಗೆ, ಗಣಪತಿ ಕ್ಯಾಲೆಂಡರಿಗೆ, ಡಬ್ಬಿಗಳಿಗೆ, ಅನ್ನಪೂರ್ಣಮ್ಮನವರ ಕನ್ನಡಕಕ್ಕೆ. ಬೀಜಗಳು ಪಟಪಟ ಸಿಡಿದವು. ಹೆಂಗಸರು ಕಿರುಚಿಕೊಂಡು ಒಬ್ಬರ ಹಿಂದೊಬ್ಬರು ಬಚ್ಚಿಟ್ಟುಕೊಂಡರು. ಅತ್ತೆ ಸ್ವಿಚ್ ಆರಿಸುವ ಬದಲು ಮಷೀನನ್ನು ಬೈಯುತ್ತಾ ನಿಂತಿದ್ದರು. ಕೊನೆಗೆ ನಾನೇ ಓಡಿಹೋಗಿ ಆರಿಸಿದೆ.

ಅನ್ನಪೂರ್ಣಮ್ಮನವರು ನಿಧಾನಕ್ಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಕಮಲಕ್ಕ, ನಾನು ಎಳ್ಳು ಪುಡಿ ಮಾಡ್ಸಾಕೆ ಬಂದಿದ್ದೆ ಕಣ್ರಿ. ಸ್ನಾನ ಮಾಡ್ಸಿ ಅಂದಿರ್ಲಿಲ್ಲ."

ಅಲ್ಲಿಗೆ ಗಿರಣಿಯೇ ಬಿದ್ದು ಬಿದ್ದು ನಕ್ಕಿತು. ನಾನು ಹಿಟ್ಟಿನ ಮೂಟೆಗೆ ಒರಗಿ ಹೊಟ್ಟೆ ಹಿಡಿದುಕೊಂಡೆ. ಅನ್ನಪೂರ್ಣಮ್ಮನವರೂ ನಕ್ಕರು. ಯಾತಕ್ಕೆ ಇದೆಲ್ಲ ಎಂದು ಕೇಳಿದಾಗ ಅತ್ತೆ ಅಣ್ಣನ ವಿಷಯ ಹೇಳಿದರು. "ಹಂಗಾದ್ರೆ ಕೈಯಾಗೆ ಹೆರೀರಿ, ಮಷೀನಿಗೆ ಯಾಕ ತುರುಕ್ತೀರಿ" ಎಂದು ಬೈದು ಅವರು ಎಳ್ಳು ಹಾಕಿಸಿಕೊಂಡು ಹೋದರು. ಅವತ್ತು ಶ್ಯಾವಿಗೆ ಮಷೀನು ತೊಳೆಯುವಷ್ಟರಲ್ಲಿ ನನ್ನ ಸೊಂಟ ಬಿತ್ತು.

ಸಂಜೆ ಕೈಯಲ್ಲೇ ಹೆರೆದೆವು. ನನ್ನ ಎಳೆಗಳು ದಪ್ಪ ಸಣ್ಣ. ಅತ್ತೆಯ ಕೈ ಕೂಡಿಬಂದ ಮೇಲೆ ಮಾತ್ರ ನೋಡಬೇಕಿತ್ತು, ಸಣ್ಣಗೆ, ಉದ್ದಕ್ಕೆ, ಸರಿಸಮ. ರುಚಿಯೂ ಬಂತು. ಆದರೆ ಒಂದು ಕಷ್ಟ ಉಳಿಯಿತು, ಗೊಜ್ಜಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಕಾಯಿ ನೀರು ಬಿಟ್ಟು ಮೆತ್ತಗಾಗುತ್ತಿತ್ತು. ಅಂಜನ್ ತಟ್ಟೆ ಬಗ್ಗಿಸಿ, "ಪಾಸ್ತಾ ಅಲ್ಲ, ಕೆರೆ" ಎಂದರು. ಉಪಾಯ ಇರಲಿಲ್ಲ. ಬಡಿಸಿದ ಕೂಡಲೇ ಮಾವ ಬೇಗ ಬೇಗ ಉಣ್ಣಲಿ ಎಂದು ದೇವರಿಗೆ ಕೈಮುಗಿದು ಮಲಗಿದೆವು.

ಬೊಮ್ಮಣ್ಣ ಮಾವ ಬರುವ ದಿನ ಬೆಳಿಗ್ಗೆಯೇ ಅತ್ತೆ ಎರಡು ದೊಡ್ಡ ಸೋರೆಕಾಯಿ ಹೆರೆದು ಬುಟ್ಟಿ ತುಂಬಿಸಿಟ್ಟರು. ನಾನು ಟೈಲರಿಂಗ್ ಕ್ಲಾಸಿಗೆ ಹೋದೆ. ಸಂಜೆ ಬಂದು ನೋಡಿದರೆ ಬುಟ್ಟಿ ಖಾಲಿ.

"ಅತ್ತೆ, ಎಳೆ ಎಲ್ಲಿ ಹೋದ್ವು?"

"ಮ್ಯಾಲೆ ಒಣಗಾಕೆ ಹಾಕೀನಿ" ಎಂದರು ಹೂವು ಕಟ್ಟುತ್ತಾ, ಏನೂ ಆಗದವರ ಹಾಗೆ.

ಮೆಟ್ಟಿಲು ಹತ್ತಿ ಓಡಿದೆ. ತಾರಸಿಯ ಮೇಲೆ ಹಗ್ಗದ ಮಂಚ, ಮಂಚದ ಮೇಲೆ ತೊಳೆದ ಹಳೇ ಸೀರೆ, ಸೀರೆಯ ಮೇಲೆ ಸೋರೆಕಾಯಿ. ಅಪರೂಪಕ್ಕೆ ಅವತ್ತೇ ಮೋಡ ಸರಿದು ದಿನವಿಡೀ ಬಿಸಿಲು ಕಾದಿತ್ತು. ಬುಟ್ಟಿ ತುಂಬ ಇದ್ದದ್ದು ಬಾಡಿ, ಮುದುಡಿ, ಎರಡು ಹಿಡಿ ಆಗಿ ಮೂಲೆಗೆ ಸೇರಿತ್ತು. ಅತ್ತೆ ಹಿಂದೆಯೇ ಬಂದರು.

"ಯಾರಾದ್ರೂ ತರಕಾರಿ ಒಣಗಿಸ್ತಾರೇನ್ರಿ ಅತ್ತೆ!" ಎಂದು ಕೂಗಾಡಿದೆ.

"ಶ್ಯಾವಿಗೆ ಅಂದಮ್ಯಾಲೆ ಒಣಗಿಸಬ್ಯಾಡ್ವಾ?" ಎಂದರು ಅವರು. ಅಷ್ಟು ಹೇಳಿ ಮಂಚ ನೋಡಿದರು. ಮುಖ ಸಣ್ಣಗಾಯಿತು. ಮದುವೆಯಾಗಿ ಬಂದಾಗಿನಿಂದ ಎಳೆ ಕಂಡರೆ ಮಂಚದ ಮೇಲೆ ಹರವಿದ ಕೈ ಅದು, ಯೋಚನೆ ಮಾಡದೆ ಹರವಿಬಿಟ್ಟಿದೆ. "ಅಯ್ಯೋ ಶಿವನೇ, ಏನ್ ಮಾಡ್ದೆ ನಾನು? ಅವ್ನು ಬರೋ ಹೊತ್ತಾತಲ್ಲೇ!" ಎಂದು ಮಂಚದ ಅಂಚಿಗೆ ಕುಸಿದು ಕೂತರು.

ಆಗಷ್ಟೇ ಕೆಲಸದಿಂದ ಬಂದಿದ್ದ ಅಂಜನ್ ಗಾಡಿ ತೆಗೆದುಕೊಂಡು ಸೋರೆಕಾಯಿ ಹುಡುಕಲು ಓಡಿದರು. ಹಬ್ಬದ ಜನ ಮಾರ್ಕೆಟ್ಟನ್ನು ಗುಡಿಸಿ ಬಿಟ್ಟಿದ್ದರು. ಅವರು ಫೋನು ಮಾಡಿ "ಕುಂಬಳಕಾಯಿ ತರ್ಲಾ?" ಎಂದು ಕೇಳುವಷ್ಟರಲ್ಲಿ ಕೆಳಗೆ ಎಕ್ಸೆಲ್ ಗಾಡಿಯ ಪಟಪಟ ಸದ್ದು ಬಂತು. ಬೊಮ್ಮಣ್ಣ ಮಾವ ಬಂದೇ ಬಿಟ್ಟಿದ್ದರು.

ನನಗೆ ಬೇರೆ ದಾರಿ ಕಾಣಲಿಲ್ಲ. ಆ ಎರಡು ಹಿಡಿಯನ್ನೇ ಉಡಿಯಲ್ಲಿ ಕಟ್ಟಿಕೊಂಡು ಅಡುಗೆಮನೆಗೆ ಇಳಿದೆ. ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಟೊಮೆಟೊ, ಒಂದಿಷ್ಟು ಶೇಂಗಾ ಪುಡಿ. ಗೊಜ್ಜು ಕೊತಕೊತ ಕುದಿಯುವಾಗ ಒಣಗಿದ್ದನ್ನು ಸುರಿದೆ. ಮತ್ತೆ ನೋಡುತ್ತೇನೆ, ಎಳೆಗಳು ಗೊಜ್ಜನ್ನು ಹೀರಿಕೊಂಡು ಒಂದೊಂದೇ ಮೈ ತುಂಬಿಕೊಳ್ಳುತ್ತಿವೆ! ನೀರಿಲ್ಲ, ಕೆರೆಯಿಲ್ಲ. ಚಮಚದಲ್ಲಿ ಎತ್ತಿದರೆ ಉದ್ದಕ್ಕೆ ಇಳಿಬೀಳುತ್ತಿವೆ. ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಸಿಗುತ್ತದೆ! ನಾನು ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ಒಳಗೆ ಬಂದ ಅತ್ತೆಯ ಬಾಯಿಗೂ ಒಂದು ಎಳೆ ತುರುಕಿದೆ. ಅವರು ಅಗಿದು, ಕಣ್ಣರಳಿಸಿ, ಸೊಂಟದ ಮೇಲೆ ಕೈಯಿಟ್ಟು, "ನಾನು ಹೇಳ್ಲಿಲ್ವಾ, ಒಣಗಿಸಬೇಕು ಅಂತ!" ಎಂದರು. ಕೈ ಮಾತ್ರ ಓಲೆಗೆ ಹೋಗಿತ್ತು.

ಬಂದದ್ದು ಎರಡೇ ತಟ್ಟೆಗೆ. ಅಣ್ಣನಿಗೊಂದು, ತಂಗಿಗೊಂದು.

ಬೊಮ್ಮಣ್ಣ ಮಾವ ಕೈಕಾಲು ತೊಳೆದು ನಡುಮನೆಯಲ್ಲಿ ಕೂತರು. ತುಂಬಾ ಇಳಿದುಹೋಗಿದ್ದರು. ಅಂಗಿಯ ಕಾಲರು ಕುತ್ತಿಗೆಯಿಂದ ದೂರ ನಿಂತಿತ್ತು. ನನಗೆ ಸಂಕಟವಾಯಿತು. ಅತ್ತೆ ತಟ್ಟೆ ತಂದಿಟ್ಟು ಪಕ್ಕದಲ್ಲೇ ಕೂತರು. ಮಾವ ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಕೆಂಪಗೈತೆ. ಏನಿದು?"

"ಶ್ಯಾವಿಗೆ. ಪಾಸ್ತಾ ಅಂತಾರೆ ಈಗ."

"ಯಾವುದ್ರಾಗೆ ಮಾಡಿದ್ದು?"

"ಅದೇ... ಮಷೀನ್‌ನಾಗೆ."

ಓಲೆ ಗರಗರ ತಿರುಗಿತು. ಮಾವ ಓಲೆಯನ್ನು ನೋಡಿದರು. ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಖಾಲಿ ಕೈಯಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ ಅಂಜನ್, ಅಡುಗೆಮನೆಯ ಹೊಸ್ತಿಲ ಮೇಲೆ ನಾನು, ಪಕ್ಕದಲ್ಲಿ ಅತ್ತೆ, ಮೂವರೂ ಅವರ ಬಾಯನ್ನೇ ನೋಡುತ್ತಿದ್ದೆವು. ಮಾವ ತಲೆಯೆತ್ತಿ ತೊಲೆ ನೋಡಿದರು. ಮತ್ತೆ ತಲೆ ತಗ್ಗಿಸಿ ಉಣ್ಣತೊಡಗಿದರು. ಒಂದು ಎಳೆಯನ್ನೂ ಬಿಡದೆ ಉಂಡು, ಬೆರಳಿನಲ್ಲಿ ತಟ್ಟೆ ಬಳಿದರು.

"ಕಮ್ಲಿ" ಎಂದರು ಆಮೇಲೆ, "ಇದು ಸೋರೆಕಾಯಿ."

ಅತ್ತೆಯ ಮುಖ ಬಿಳಚಿಕೊಂಡಿತು. "ಅಲ್ಲ ಅಣ್ಣ, ಅದು..." ಎಂದು ಕೈ ಮೇಲೆತ್ತಿದರು. ಮಾವ ಆ ಕೈಯನ್ನು ಅರ್ಧದಲ್ಲೇ ಹಿಡಿದುಕೊಂಡರು.

"ಓಲೆ ಕಿತ್ತುಬಂದಾತು, ಬಿಡು. ಮೊದ್ಲನೇ ತುತ್ತಿಗೇ ಗೊತ್ತಾತು ನಂಗೆ. ಅವ್ವನ ಏಟು ತಿಂದೋನಿಗೆ ಇದರ ವಾಸನೆ ಮರೀತೈತಾ?"

"ಮತ್ಯಾಕ ಉಂಡೆ?"

"ನಿನ್ನ ಬಿಟ್ಟು ಹೋಗಾಕೆ ಆಗ್ತೈತೇನೇ, ಹುಚ್ಚಿ?"

ಅತ್ತೆಗೆ ನಗು ಬಂತೋ ಅಳು ಬಂತೋ ಅವರಿಗೇ ತಿಳಿಯಲಿಲ್ಲ, ಎರಡನ್ನೂ ಒಟ್ಟಿಗೇ ಮಾಡಿದರು. ಅವರ ತಟ್ಟೆ ಮುಟ್ಟದೆ ಹಾಗೇ ಇತ್ತು. ಮಾವ ಕೈ ಚಾಚಿ ಅದನ್ನು ತಮ್ಮ ಕಡೆ ಎಳೆದುಕೊಂಡರು.

"ಏಯ್, ಅದು ನಂದು!" ಎಂದರು ಅತ್ತೆ.

"ನನ್ನ ಪಾಲಿಂದು ನೀನು ಭಾಳ ತಿಂದೀಯ" ಎಂದರು ಮಾವ. "ಇವತ್ತು ನಿನ್ನ ಪಾಲಿಂದು ನಾನು ತಿಂತೀನಿ. ಅವ್ವ ಒಲೆ ಕಡೆ ತಿರುಗ್ಯಾಳೆ, ಸುಮ್ನಿರು."

ಅಂಜನ್ ಬಾಗಿಲ ಕಡೆ ಮುಖ ತಿರುಗಿಸಿಕೊಂಡರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ, ಬೆಳ್ಳುಳ್ಳಿ ಕೈ ತಾಗಿ ಇನ್ನಷ್ಟು ಉರಿಯಿತು. ಮಾವ ಎರಡನೇ ತಟ್ಟೆಯನ್ನೂ ಮುಗಿಸಿ, ಚೊಂಬು ನೀರು ಕುಡಿದು, ಮೊಣಕಾಲು ಹಿಡಿದು ಮೇಲೆದ್ದರು.

"ನಡಿ ಕಮ್ಲಿ. ಕತ್ತಲಾಗೋದ್ರೊಳಗೆ ಹರಿಹರ ದಾಟಾನ."

ಅತ್ತೆ ಚೀಲ ಹಿಡಿದುಕೊಂಡು, ಹೊಸ ಹುಡುಗಿಯ ಹಾಗೆ ಅಣ್ಣನ ಎಕ್ಸೆಲ್ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತರು. ಗಾಡಿ ಚಾಲೂ ಆಯಿತು. ಇನ್ನೇನು ಹೊರಡಬೇಕು, ಅತ್ತೆ ನನ್ನ ರಟ್ಟೆ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಏನೋ ದೊಡ್ಡ ಮಾತು ಹೇಳುತ್ತಾರೆ ಎಂದು ಕಿವಿ ಕೊಟ್ಟೆ.

"ಲತಾ, ಹೊಟ್ಟೆ ಚುರುಗುಡ್ತೈತೆ ಕಣೇ. ಅಣ್ಣಗೆ ಕಾಣ್ದಂಗೆ ಎರಡು ಬಾಳೆಹಣ್ಣು ತಂದ್ಕೊಡು."